ಕಾಸರಗೋಡಿನಿಂದ ಮಂಗಳೂರಿಗೆ ಮನೆ ಬದಲಾಯಿಸುವ ಮುನ್ನ: ಜೀವನ ವೆಚ್ಚದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಕ್ಕಳ ಓದು, ಹೊಸ ಉದ್ಯೋಗ, ಹಿರಿಯರ ಚಿಕಿತ್ಸೆ ಹೀಗೆ ಒಂದಲ್ಲ ಒಂದು ಕಾರಣಕ್ಕೆ ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳ ಕನ್ನಡ ಮನೆಗಳಲ್ಲಿ ಮಂಗಳೂರಿಗೆ ಹೋಗಿ ನೆಲೆಸುವ ಮಾತು ಬಂದೇ ಬರುತ್ತದೆ. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿಯೇ ಇದ್ದ ನೆಲ ಇದಾದುದರಿಂದ ಮಂಗಳೂರು ನಮಗೆ ಪರವೂರು ಅನಿಸುವುದಿಲ್ಲ. ಆದರೆ ಎರಡು ರಾಜ್ಯಗಳ ಗಡಿಯಾದ ತಲಪಾಡಿ ದಾಟಿದೊಡನೆ ವಿದ್ಯುತ್ ಬಿಲ್ಲು, ಪಡಿತರ ಚೀಟಿ, ವಾಹನ ತೆರಿಗೆ, ವೃದ್ಧಾಪ್ಯ ವೇತನ, ಮಕ್ಕಳ ಪ್ರವೇಶ ನಿಯಮ ಎಲ್ಲವೂ ಬೇರೆಯಾಗುತ್ತವೆ. ಅಕ್ಕಿಬೇಳೆಯ ದರಕ್ಕಿಂತ ಈ ವ್ಯತ್ಯಾಸಗಳೇ ಕುಟುಂಬದ ಖರ್ಚನ್ನು ಹೆಚ್ಚು ಏರುಪೇರು ಮಾಡುತ್ತವೆ. ಹಾಗಾಗಿ ಇಲ್ಲಿಯ ಉತ್ತರಗಳಲ್ಲಿ ಅವುಗಳಿಗೇ ಹೆಚ್ಚು ಜಾಗ ಕೊಡಲಾಗಿದೆ.

ಕೇರಳ ದುಬಾರಿಯೋ, ಕರ್ನಾಟಕ ದುಬಾರಿಯೋ?

ರಾಜ್ಯಕ್ಕೆ ರಾಜ್ಯವನ್ನು ಹೋಲಿಸಿದರೆ ಈ ಪ್ರಶ್ನೆಗೆ ನಿಮ್ಮ ಮನೆಗೆ ಹೊಂದುವ ಉತ್ತರ ಸಿಗುವುದಿಲ್ಲ. ಕೇಂದ್ರ ಸರಕಾರದ 2022-23ರ ಗೃಹ ಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ಒಬ್ಬ ವ್ಯಕ್ತಿಯ ಸರಾಸರಿ ಮಾಸಿಕ ವೆಚ್ಚ ಕೇರಳದ ಹಳ್ಳಿಗಳಲ್ಲಿ 5,924 ರೂ., ಪಟ್ಟಣಗಳಲ್ಲಿ 7,078 ರೂ.; ಕರ್ನಾಟಕದ ಹಳ್ಳಿಗಳಲ್ಲಿ 4,397 ರೂ., ಪಟ್ಟಣಗಳಲ್ಲಿ 7,666 ರೂ. ಹಳ್ಳಿಯ ಲೆಕ್ಕದಲ್ಲಿ ಕೇರಳ ಮುಂದಿದ್ದರೆ ಪಟ್ಟಣದ ಲೆಕ್ಕದಲ್ಲಿ ಕರ್ನಾಟಕ ಮುಂದಿದೆ. ಇಲ್ಲಿಂದ ಹೊರಡುವವರಲ್ಲಿ ಹೆಚ್ಚಿನವರು ಕೇರಳದ ಹಳ್ಳಿಯಿಂದ ಕರ್ನಾಟಕದ ಪಟ್ಟಣಕ್ಕೆ ಹೋಗುವವರು. ಅಂದರೆ ಬದಲಾಗುವುದು ರಾಜ್ಯ ಮಾತ್ರವಲ್ಲ, ಹಳ್ಳಿಯ ಬದುಕು ಪಟ್ಟಣದ ಬದುಕಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಹೆಚ್ಚಿದ ಖರ್ಚಿನ ದೊಡ್ಡ ಪಾಲು ಬರುವುದು ಈ ಎರಡನೆಯ ಬದಲಾವಣೆಯಿಂದ.

ಇನ್ನೊಂದು ಮಾತನ್ನೂ ಗಮನಿಸಬೇಕು. ಇಂತಹ ಸಮೀಕ್ಷೆಗಳು ಜನರು ಎಷ್ಟು ಖರ್ಚು ಮಾಡುತ್ತಾರೆ ಎಂಬುದನ್ನು ಹೇಳುತ್ತವೆಯೇ ಹೊರತು ಒಂದೇ ಬಗೆಯ ಬದುಕಿಗೆ ಎಲ್ಲಿ ಎಷ್ಟು ಬೇಕು ಎಂಬುದನ್ನು ಹೇಳುವುದಿಲ್ಲ. ಸ್ವಂತ ಮನೆಯಲ್ಲಿರುವವರಿಗೆ ಬಾಡಿಗೆಯೆಂಬ ಖರ್ಚೇ ಅದರಲ್ಲಿ ಸೇರುವುದಿಲ್ಲ.

ಹಾಗಾದರೆ ಹೋಲಿಕೆಯನ್ನು ಎಲ್ಲಿಂದ ಆರಂಭಿಸಬೇಕು?

ನಿಮ್ಮದೇ ಮನೆಯ ಖರ್ಚಿನ ಪುಸ್ತಕದಿಂದ. ಪುಸ್ತಕ ಇಡುವ ರೂಢಿ ಇಲ್ಲದಿದ್ದರೆ ಕನಿಷ್ಠ ಎರಡು ತಿಂಗಳು ಇಡಿ; ಒಂದು ಮಳೆಗಾಲದ ತಿಂಗಳು, ಇನ್ನೊಂದು ಬೇಸಿಗೆಯ ತಿಂಗಳಾದರೆ ಉತ್ತಮ. ಪ್ರತಿ ಪುಟದಲ್ಲಿ ಎರಡು ಸಾಲು ಮಾಡಿ. ಎಡಗಡೆ ಹಣ ಕೊಟ್ಟು ತಂದದ್ದು, ಬಲಗಡೆ ಹಣ ಕೊಡದೆ ಬಳಸಿದ್ದು. ಈ ಬಲಗಡೆಯ ಸಾಲನ್ನು ಬಿಟ್ಟರೆ ಲೆಕ್ಕ ತಪ್ಪುತ್ತದೆ.

ಬದಿಯಡ್ಕ, ಎಣ್ಮಕಜೆ, ಪೈವಳಿಕೆ ಕಡೆಯ ಒಂದು ಸಾಧಾರಣ ತೋಟದ ಮನೆಯ ಅಡುಗೆಮನೆಯನ್ನೇ ನೋಡಿ. ಪದಾರ್ಥಕ್ಕೆ ಅರೆಯುವ ತೆಂಗಿನಕಾಯಿ ಹಿತ್ತಿಲಿನದು. ಬಸಳೆ, ಹರಿವೆ, ನುಗ್ಗೆ, ಜೀಗುಜ್ಜೆ, ಬಾಳೆಕಾಯಿ, ಕರಿಬೇವು, ಕಾಳುಮೆಣಸು ಅಂಗಳದ ಸುತ್ತಲಿನವು. ಬೇಸಿಗೆಯಲ್ಲಿ ಹಲಸು, ಮಾವು. ನೀರು ಬಾವಿಯದು ಅಥವಾ ಗುಡ್ಡಕ್ಕೆ ಕೊರೆದ ಸುರಂಗದ್ದು. ಸ್ನಾನದ ನೀರು ಕಾಯುವುದು ಮಡಲು, ಕೊತ್ತಳಿಗೆ, ತೆಂಗಿನ ಸಿಪ್ಪೆಯ ಬೆಂಕಿಯಲ್ಲಿ. ದನ ಇದ್ದರೆ ಹಾಲು, ಮೊಸರು, ತುಪ್ಪವೂ ಮನೆಯದೇ. ಇವುಗಳಲ್ಲಿ ಯಾವುದಕ್ಕೂ ಚೀಟಿ ಇಲ್ಲ, ಆದುದರಿಂದ ಯಾರೂ ಬರೆದಿಡುವುದಿಲ್ಲ. ಮಂಗಳೂರಿನ ಎರಡು ಕೋಣೆಗಳ ಫ್ಲಾಟಿಗೆ ಹೋದ ಮರುದಿನದಿಂದ ಇದೆಲ್ಲ ಎಡಗಡೆಯ ಸಾಲಿಗೆ ಬರುತ್ತದೆ. ದಿನಕ್ಕೆ ಒಂದೂವರೆ ಕಾಯಿ ಅರೆಯುವ ಮನೆಗೆ ತಿಂಗಳಿಗೆ 45 ಕಾಯಿ ಬೇಕು. ಅಂಗಡಿಯಲ್ಲಿ ಒಂದು ಕಾಯಿಗೆ 30 ರೂ. ಎಂದು ಇಟ್ಟುಕೊಂಡರೂ ಅದೊಂದೇ 1,350 ರೂ. ಆಗುತ್ತದೆ. ಇದೇ ರೀತಿ ಪ್ರತಿಯೊಂದಕ್ಕೂ ಮಂಗಳೂರಿನ ಅಂಗಡಿಯ ದರ ಹಾಕಿ ಬಲಗಡೆಯ ಸಾಲನ್ನು ಕೂಡಿಸಿ ನೋಡಿ.

ಪೇಟೆಯಲ್ಲಿಯೇ ಬಾಡಿಗೆ ಮನೆಯಲ್ಲಿರುವವರಿಗೆ ಈ ಬಲಗಡೆಯ ಸಾಲು ಚಿಕ್ಕದಾಗಿರುತ್ತದೆ. ಅವರಿಗೆ ಸ್ಥಳ ಬದಲಾವಣೆಯ ಹೊರೆ ಅಷ್ಟು ತಟ್ಟುವುದಿಲ್ಲ.

ಕೇರಳದಲ್ಲಿ ಬೆಲೆ ಏರಿಕೆ ದೇಶದಲ್ಲೇ ಹೆಚ್ಚು ಎಂಬ ಸುದ್ದಿ ಓದಿದೆವು. ಅದರ ಅರ್ಥ ಕರ್ನಾಟಕದಲ್ಲಿ ಎಲ್ಲವೂ ಅಗ್ಗ ಎಂದೇ?

ಅಲ್ಲ. 2025ರ ಮಧ್ಯಭಾಗದಲ್ಲಿ ಚಿಲ್ಲರೆ ಹಣದುಬ್ಬರದಲ್ಲಿ ಕೇರಳ ಮೊದಲ ಸ್ಥಾನದಲ್ಲಿದ್ದುದು ನಿಜ. ತೆಂಗಿನೆಣ್ಣೆಯ ದರ ಕಿಲೋಗೆ 400 ರೂ. ದಾಟಿದ ವರ್ಷ ಅದು. ಆದರೆ ಹಣದುಬ್ಬರದ ಸೂಚ್ಯಂಕವು ಒಂದೇ ಸ್ಥಳದಲ್ಲಿ ಹಿಂದಿನ ವರ್ಷಕ್ಕಿಂತ ಈ ವರ್ಷ ಬೆಲೆ ಎಷ್ಟು ಏರಿತು ಎಂಬುದನ್ನು ಮಾತ್ರ ಅಳೆಯುತ್ತದೆ. ಎರಡು ಊರುಗಳ ಬೆಲೆಯ ಮಟ್ಟವನ್ನು ಅದರಿಂದ ಹೋಲಿಸಲಾಗದು. ತೆಂಗಿನೆಣ್ಣೆ ಮಂಗಳೂರಿನಲ್ಲಿಯೂ ಏರಿತು, ಅಲ್ಲಿಯ ಅಡುಗೆಯೂ ತೆಂಗಿನ ಅಡುಗೆಯೇ. ಕುಚ್ಚಲಕ್ಕಿ, ಬೂತಾಯಿ, ಬಂಗುಡೆ, ತರಕಾರಿಗಳ ದರದಲ್ಲಿ ಕುಂಬಳೆಗೂ ಮಂಗಳೂರಿಗೂ ಇರುವ ಅಂತರವು ಮನೆ ಬದಲಾಯಿಸುವ ನಿರ್ಧಾರವನ್ನು ತೂಗುವಷ್ಟು ದೊಡ್ಡದಲ್ಲ. ಜಿ.ಎಸ್.ಟಿ. ಬರುವ ಸಾಮಾನುಗಳ ತೆರಿಗೆಯಂತೂ ಎರಡೂ ಕಡೆ ಒಂದೇ.

ಬಾಡಿಗೆಯ ಹೊರೆಯನ್ನು ಹೇಗೆ ಲೆಕ್ಕ ಹಾಕಬೇಕು?

ಬಾಡಿಗೆ ಎಂದರೆ ಮಾಲೀಕರು ಹೇಳಿದ ತಿಂಗಳ ಮೊತ್ತ ಮಾತ್ರವಲ್ಲ. ಮುಂಗಡ ಠೇವಣಿಯ ಮೇಲಿನ ಬಡ್ಡಿ, ದಲ್ಲಾಳಿ ಇದ್ದರೆ ಅವರ ಒಂದು ತಿಂಗಳ ಬಾಡಿಗೆಯಷ್ಟು ಶುಲ್ಕ, ಫ್ಲಾಟಾದರೆ ನಿರ್ವಹಣಾ ಶುಲ್ಕ, ಕರಾರು ಪತ್ರದ ಖರ್ಚು, ಮನೆ ಬಿಡುವಾಗ ಬಣ್ಣ ಹಚ್ಚಲು ಮುರಿದುಕೊಳ್ಳುವ ಮೊತ್ತ ಎಲ್ಲವನ್ನೂ ಸೇರಿಸಿ ಹನ್ನೊಂದು ತಿಂಗಳಿಗೆ ಹಂಚಬೇಕು. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಕರಾರಿಗೆ 1908ರ ನೋಂದಣಿ ಕಾಯ್ದೆಯಂತೆ ನೋಂದಣಿ ಕಡ್ಡಾಯ. ಆದುದರಿಂದಲೇ ಹನ್ನೊಂದು ತಿಂಗಳ ಕರಾರು ಎಲ್ಲ ಕಡೆ ರೂಢಿಯಲ್ಲಿದೆ. ಮುಂಗಡ ಕೊಟ್ಟ ಹಣಕ್ಕೆ ಬ್ಯಾಂಕಿನಲ್ಲಿ ಸಿಗುತ್ತಿದ್ದ ಬಡ್ಡಿಯೂ ಖರ್ಚೇ: ಒಂದು ಲಕ್ಷ ರೂಪಾಯಿಗೆ ಶೇ. 7ರಂತೆ ವರ್ಷಕ್ಕೆ 7,000 ರೂ.

ನೀರಿನ ವಿಚಾರವನ್ನು ಮಾಲೀಕರ ಬಳಿ ಮೊದಲೇ ವಿಚಾರಿಸಬೇಕು. ಮಂಗಳೂರಿಗೆ ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ ನೀರು ಬರುತ್ತದೆ. ಮಳೆ ತಡವಾದ ವರ್ಷಗಳಲ್ಲಿ, ಉದಾಹರಣೆಗೆ 2019 ಮತ್ತು 2023ರಲ್ಲಿ, ಮೇ ತಿಂಗಳಲ್ಲಿ ನಗರದಲ್ಲಿ ನೀರನ್ನು ಸರದಿಯಲ್ಲಿ ಬಿಡಬೇಕಾಯಿತು. ಅಂತಹ ದಿನಗಳಲ್ಲಿ ಟ್ಯಾಂಕರ್ ನೀರಿನ ಹಣವನ್ನು ಯಾರು ಕೊಡಬೇಕು ಎಂಬುದು ಕರಾರಿನಲ್ಲಿಯೇ ಇರಲಿ. ಬಾವಿ ಇರುವ ಮನೆ ಸಿಕ್ಕಿದರೆ ಬಾಡಿಗೆ ಸ್ವಲ್ಪ ಹೆಚ್ಚಾದರೂ ಅದನ್ನೇ ಆಯ್ದುಕೊಳ್ಳುವಂತೆ ನಾನು ಹೇಳುತ್ತೇನೆ.

ಮಂಗಳೂರು ನಗರದ ಮಧ್ಯಕ್ಕಿಂತ ತೊಕ್ಕೊಟ್ಟು, ಕೋಟೆಕಾರು, ಬಿ.ಸಿ.ರೋಡ್ ಕಡೆ ಮತ್ತು ಒಳನಾಡಿನ ವಿಟ್ಲ, ಪುತ್ತೂರುಗಳಲ್ಲಿ ಬಾಡಿಗೆ ಕಡಿಮೆ. ದೇರಳಕಟ್ಟೆ ವೈದ್ಯಕೀಯ ಕಾಲೇಜುಗಳ ಊರಾದುದರಿಂದ ಅಲ್ಲಿ ವಿದ್ಯಾರ್ಥಿಗಳ ಬೇಡಿಕೆ ಬಾಡಿಗೆಯನ್ನು ಏರಿಸಿದೆ.

ಮನೆ ಬದಲಾಯಿಸದೆ ದಿನವೂ ಹೋಗಿ ಬರುವುದು ಲಾಭವಲ್ಲವೇ?

ಹಲವರ ಪಾಲಿಗೆ ಲಾಭವೇ, ಅದರಲ್ಲೂ ರೈಲು ನಿಲ್ದಾಣದ ಹತ್ತಿರ ಇರುವವರಿಗೆ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿ.ಮೀ. ಕುಂಬಳೆ, ಉಪ್ಪಳ, ಮಂಜೇಶ್ವರ ನಿಲ್ದಾಣಗಳು ನಡುವೆ ಇವೆ. ಬೆಳಗ್ಗೆ ಮಂಗಳೂರಿನ ಕಡೆಗೂ ಸಂಜೆ ಹಿಂದಕ್ಕೂ ಬರುವ ರೈಲುಗಳ ವೇಳೆ ಉದ್ಯೋಗಸ್ಥರಿಗೂ ವಿದ್ಯಾರ್ಥಿಗಳಿಗೂ ಒಗ್ಗಿದೆ. ಎರಡನೇ ದರ್ಜೆಯ ತಿಂಗಳ ಸೀಸನ್ ಟಿಕೆಟಿಗೆ ಕೆಲವು ನೂರು ರೂಪಾಯಿ ಸಾಕು. ಇದೇ ದೂರವನ್ನು ಬೈಕಿನಲ್ಲಿ ಹೋದರೆ ಲೆಕ್ಕ ಬೇರೆ. ಉಪ್ಪಳದವರು ದಿನಕ್ಕೆ 60 ಕಿ.ಮೀ. ಓಡಿಸಿ, ಬೈಕು ಲೀಟರಿಗೆ 50 ಕಿ.ಮೀ. ಕೊಟ್ಟರೆ 25 ದಿನಕ್ಕೆ 30 ಲೀಟರ್ ಬೇಕು. ಲೀಟರಿಗೆ 100 ರೂ. ಎಂದು ಹಿಡಿದರೂ 3,000 ರೂ. ಕಾರಿನಲ್ಲಿ ಹೋದರೆ ತಲಪಾಡಿಯ ಟೋಲನ್ನೂ ಸೇರಿಸಬೇಕು. ಬಸ್ಸಿನವರಿಗೆ ಕಾಸರಗೋಡು–ಮಂಗಳೂರು ದಾರಿಯಲ್ಲಿ ಎರಡೂ ರಾಜ್ಯಗಳ ಸರಕಾರಿ ಬಸ್ಸುಗಳಿವೆ, ಆದರೆ ರೈಲಿಗಿಂತ ದರ ಬಹಳ ಹೆಚ್ಚು.

ಹಣದ ಜತೆ ಹೊತ್ತನ್ನೂ ಬರೆಯಿರಿ. ದಿನಕ್ಕೆ ಮೂರು ಗಂಟೆ ಪ್ರಯಾಣದಲ್ಲಿ ಕಳೆದರೆ ತಿಂಗಳಿಗೆ 75 ಗಂಟೆ ಆಗುತ್ತದೆ. ಚಿಕ್ಕ ಮಕ್ಕಳಿರುವ ತಾಯಿಗೆ, ರಾತ್ರಿ ಪಾಳಿಯ ದಾದಿಯರಿಗೆ ಈ ಹೊತ್ತಿನ ಬೆಲೆ ಬಾಡಿಗೆಗಿಂತ ಹೆಚ್ಚಾಗಬಹುದು. ಮಂಜೇಶ್ವರ, ಉಪ್ಪಳದವರು ಮನೆ ಬದಲಾಯಿಸುವ ಮೊದಲು ಆರು ತಿಂಗಳು ಸೀಸನ್ ಟಿಕೆಟಿನಲ್ಲಿ ಹೋಗಿ ನೋಡುವುದು ಒಳ್ಳೆಯದು. ಮುಳ್ಳೇರಿಯ, ಅಡೂರು, ದೇಲಂಪಾಡಿ ಕಡೆಯವರಿಗೆ ಇದು ಸಾಧ್ಯವಾಗುವ ಮಾತಲ್ಲ.

ಕರ್ನಾಟಕದಲ್ಲಿ 200 ಯೂನಿಟ್ ವಿದ್ಯುತ್ ಉಚಿತ ಎನ್ನುತ್ತಾರೆ. ಬಾಡಿಗೆದಾರರಿಗೂ ಸಿಗುತ್ತದೆಯೇ?

ಸಿಗುತ್ತದೆ, ಆದರೆ ಎಲ್ಲರಿಗೂ 200 ಯೂನಿಟ್ ಅಲ್ಲ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ 200 ಎಂಬುದು ಗರಿಷ್ಠ ಮಿತಿ. 2022-23ರ ಸರಾಸರಿ ಬಳಕೆಗೆ ಸ್ವಲ್ಪ ಹೆಚ್ಚುವರಿ ಸೇರಿಸಿ ಪ್ರತಿ ಮನೆಯ ಉಚಿತ ಪ್ರಮಾಣವನ್ನು ನಿಗದಿ ಮಾಡುತ್ತಾರೆ. ಹೊಸದಾಗಿ ಬಂದ ಬಾಡಿಗೆದಾರರಿಗೆ ಹಿಂದಿನ ಬಳಕೆಯ ದಾಖಲೆ ಇಲ್ಲದಿರುವುದರಿಂದ ರಾಜ್ಯದ ಸರಾಸರಿಯಾದ 53 ಯೂನಿಟ್ ಮತ್ತು ಅದರ ಶೇ. 10, ಅಂದರೆ ಸುಮಾರು 58 ಯೂನಿಟ್ ಉಚಿತ. ಅದಕ್ಕಿಂತ ಹೆಚ್ಚು ಬಳಸಿದ್ದಕ್ಕೆ ಹಣ ಕೊಡಬೇಕು. ತಿಂಗಳ ಬಳಕೆ 200 ದಾಟಿದರೆ ಪೂರ್ತಿ ಬಿಲ್ಲನ್ನು ಕೊಡಬೇಕು. ಹಿಂದಿನ ಬಾಡಿಗೆದಾರರ ಆಧಾರ್ ಸಂಖ್ಯೆ ಆ ಮೀಟರಿಗೆ ಜೋಡಣೆಯಾಗಿದ್ದರೆ ಅದನ್ನು ಮೊದಲು ತೆಗೆಸಬೇಕು. ಮನೆ ನೋಡಲು ಹೋದಾಗಲೇ ಅಲ್ಲಿಯ ವಿದ್ಯುತ್ ಕಂಪನಿಯಾದ ಮೆಸ್ಕಾಂನ ಬಿಲ್ಲು ಕೇಳಿ ಪಡೆದು, ಮೀಟರು ನಿಮ್ಮ ಮನೆಗೆ ಪ್ರತ್ಯೇಕವಾಗಿದೆಯೇ ಎಂದು ನೋಡಿ.

ಕೇರಳದಲ್ಲಿ ಬಿಲ್ಲು ಎರಡು ತಿಂಗಳಿಗೊಮ್ಮೆ ಬರುತ್ತದೆ, ಕರ್ನಾಟಕದಲ್ಲಿ ಪ್ರತಿ ತಿಂಗಳು. ಎರಡು ತಿಂಗಳ ಬಿಲ್ಲನ್ನು ಒಂದು ತಿಂಗಳ ಬಿಲ್ಲಿನೊಂದಿಗೆ ಇಟ್ಟು ಕೇರಳ ದುಬಾರಿ ಎನ್ನುವವರಿದ್ದಾರೆ. ಹೋಲಿಸುವಾಗ ಯೂನಿಟುಗಳನ್ನು ಹೋಲಿಸಿ. ಕೇರಳದಲ್ಲಿ ಬಳಕೆ ಹೆಚ್ಚಿದಂತೆ ದರ ಹಂತಹಂತವಾಗಿ ಏರುತ್ತದೆ, ತಿಂಗಳಿಗೆ 250 ಯೂನಿಟ್ ಮೀರಿದರೆ ಒಟ್ಟು ಬಳಕೆಗೂ ಹೆಚ್ಚಿನ ದರ ಬೀಳುತ್ತದೆ. ಹಾಗಾಗಿ ಕಡಿಮೆ ಬಳಸುವವರಿಗೆ ಎರಡೂ ಕಡೆ ದೊಡ್ಡ ವ್ಯತ್ಯಾಸವಿಲ್ಲ.

ಗೃಹಲಕ್ಷ್ಮಿ ಮತ್ತು ಉಚಿತ ಬಸ್ಸಿನಿಂದ ಉಳಿತಾಯ ಆಗುವುದಿಲ್ಲವೇ?

ಮೊದಲ ವರ್ಷದ ಲೆಕ್ಕದಲ್ಲಿ ಇವೆರಡನ್ನೂ ಸೊನ್ನೆ ಎಂದು ಬರೆಯಿರಿ. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂ. ನೀಡುವ ಗೃಹಲಕ್ಷ್ಮಿಗೆ ಕರ್ನಾಟಕದ ಪಡಿತರ ಚೀಟಿ ಬೇಕು. ಆದಾಯ ತೆರಿಗೆ ಕಟ್ಟುವ ಕುಟುಂಬಗಳಿಗೆ ಅದು ಇಲ್ಲ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯ ಉಚಿತ ಪ್ರಯಾಣಕ್ಕೆ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಬೇಕು, ಮತ್ತು ಅದು ಸರಕಾರಿ ಬಸ್ಸುಗಳಿಗೆ ಮಾತ್ರ ಅನ್ವಯಿಸುತ್ತದೆ. ಮಂಗಳೂರು ನಗರದೊಳಗಿನ ಓಡಾಟವೆಲ್ಲ ಬಹುಮಟ್ಟಿಗೆ ಖಾಸಗಿ ಸಿಟಿ ಬಸ್ಸುಗಳಲ್ಲಿ. ಪುತ್ತೂರು, ಸುಳ್ಯ ಕಡೆ ನೆಲೆಸುವವರಿಗೆ ಸರಕಾರಿ ಬಸ್ಸು ಹೆಚ್ಚು ಸಿಗುವುದರಿಂದ ಅಲ್ಲಿ ಈ ಯೋಜನೆಯ ನಿಜವಾದ ಪ್ರಯೋಜನವಿದೆ.

ನಮ್ಮ ಕೇರಳದ ಪಡಿತರ ಚೀಟಿ ಮಂಗಳೂರಿನಲ್ಲಿ ನಡೆಯುತ್ತದೆಯೇ?

ಚೀಟಿಯ ಬಣ್ಣ ನೋಡಿ. ಹಳದಿ ಮತ್ತು ಗುಲಾಬಿ ಚೀಟಿಗಳು ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಡಿ ಬರುವಂಥವು. ‘ಒಂದು ದೇಶ, ಒಂದು ಪಡಿತರ ಚೀಟಿ’ ವ್ಯವಸ್ಥೆಯಲ್ಲಿ ಅವುಗಳ ಕೇಂದ್ರದ ಪಾಲಿನ ಧಾನ್ಯವನ್ನು ಕರ್ನಾಟಕದ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟು ಪಡೆಯಬಹುದು. ಕರ್ನಾಟಕ ಸರಕಾರ ತನ್ನ ಚೀಟಿದಾರರಿಗೆ ಹೆಚ್ಚುವರಿಯಾಗಿ ಕೊಡುವುದು ಇದರಲ್ಲಿ ಸೇರುವುದಿಲ್ಲ. ನೀಲಿ ಮತ್ತು ಬಿಳಿ ಚೀಟಿಗಳು ಕೇರಳ ರಾಜ್ಯದ ಯೋಜನೆಯವು. ಗಡಿಯಾಚೆ ಅವುಗಳಿಗೆ ಧಾನ್ಯ ಸಿಗದು. ಕರ್ನಾಟಕದಲ್ಲಿ ಹೊಸ ಚೀಟಿ ಮಾಡಿಸಬೇಕಾದರೆ ಇಲ್ಲಿಯ ಚೀಟಿಯಿಂದ ಹೆಸರು ತೆಗೆಸಿದ ಪ್ರಮಾಣಪತ್ರ ಬೇಕಾಗುತ್ತದೆ. ಅರ್ಜಿ ಸ್ವೀಕಾರ ಯಾವಾಗ ತೆರೆದಿರುತ್ತದೆ ಎಂದು ವಿಚಾರಿಸಿದ ಬಳಿಕವೇ ಹೆಸರು ತೆಗೆಸಿ, ಇಲ್ಲವಾದರೆ ನಡುವೆ ಎಷ್ಟೋ ಕಾಲ ಎರಡೂ ಕಡೆ ಚೀಟಿ ಇಲ್ಲದೆ ಇರಬೇಕಾದೀತು.

ಜತೆಯಲ್ಲಿ ಹಿರಿಯರಿದ್ದಾರೆ. ಅವರ ಪಿಂಚಣಿ, ಚಿಕಿತ್ಸೆಯ ಗತಿ ಏನು?

ಈ ವಿಷಯದಲ್ಲಿ ಅವಸರ ಮಾಡಲೇಬಾರದು. ಕೇರಳದ ಸಾಮಾಜಿಕ ಭದ್ರತಾ ಪಿಂಚಣಿ 2025ರ ನವೆಂಬರಿನಿಂದ ತಿಂಗಳಿಗೆ 2,000 ರೂ. ಆಗಿದೆ, 60 ವರ್ಷ ತುಂಬಿದವರು ಅರ್ಹರು. ಕರ್ನಾಟಕದಲ್ಲಿ 65 ದಾಟಿದವರ ಸಂಧ್ಯಾ ಸುರಕ್ಷಾ ಮಾಸಾಶನ 1,200 ರೂ. ಕೇರಳದ ಪಿಂಚಣಿಗೆ ಅಲ್ಲಿಯ ನಿವಾಸಿಯಾಗಿರಬೇಕು, ವರ್ಷವರ್ಷ ಜೀವಂತಿಕೆಯ ದಾಖಲಾತಿ ಮಾಡಿಸಬೇಕು. ಇಬ್ಬರು ಹಿರಿಯರು ಪಿಂಚಣಿ ಪಡೆಯುತ್ತಿದ್ದ ಮನೆ ಗಡಿ ದಾಟಿದರೆ ತಿಂಗಳಿಗೆ 4,000 ರೂ. ನಿಲ್ಲುತ್ತದೆ, ಕರ್ನಾಟಕದ್ದು ಮಂಜೂರಾದರೂ ಹಿಂದಿನ ಮೊತ್ತ ಬಾರದು.

ಎಂಡೋಸಲ್ಫಾನ್ ಸಂತ್ರಸ್ತರಿರುವ ಮನೆಯವರಿಗೆ ಒಂದು ಕಳಕಳಿಯ ಮಾತು. ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಸುರಿದ ಆ ವಿಷದ ಬಾಧಿತರಿಗೆ 5 ಲಕ್ಷ ರೂ. ಪರಿಹಾರ ಕೊಡುವಂತೆ ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ಆದೇಶಿಸಿತು. ಅದಲ್ಲದೆ ಮಾಸಿಕ ಸಹಾಯಧನ, ಚಿಕಿತ್ಸಾ ಸೌಲಭ್ಯ, ವಿಶೇಷ ಚೇತನ ಮಕ್ಕಳ ಬಡ್ಸ್ ಶಾಲೆ ಎಲ್ಲವೂ ಕಾಸರಗೋಡಿನ ಸಂತ್ರಸ್ತರ ಪಟ್ಟಿಗೆ ಸೇರಿಕೊಂಡಿವೆ. ಪಂಚಾಯತು ಮತ್ತು ಜಿಲ್ಲಾಧಿಕಾರಿ ಕಚೇರಿಯಿಂದ ಲಿಖಿತ ಉತ್ತರ ಪಡೆಯದೆ ಸಂತ್ರಸ್ತರ ವಿಳಾಸವನ್ನು ಬದಲಾಯಿಸಬೇಡಿ.

ಚಿಕಿತ್ಸೆಗೆ ಬಂದರೆ ಮಂಗಳೂರು ಹತ್ತಿರವಿದ್ದಷ್ಟೂ ಅನುಕೂಲ ಎಂಬುದರಲ್ಲಿ ಎರಡು ಮಾತಿಲ್ಲ. 2020ರ ಮಾರ್ಚ್–ಏಪ್ರಿಲಿನಲ್ಲಿ ತಲಪಾಡಿಯ ದಾರಿ ಮುಚ್ಚಿದಾಗ ಆಂಬ್ಯುಲೆನ್ಸುಗಳೂ ತಡೆಯಲ್ಪಟ್ಟು ಜೀವಗಳು ಹೋದುದನ್ನು ಈ ಭಾಗದ ಜನ ಮರೆತಿಲ್ಲ. ಹಲವು ಕುಟುಂಬಗಳಲ್ಲಿ ಮನೆ ಬದಲಾಯಿಸುವ ಯೋಚನೆ ಗಟ್ಟಿಯಾದದ್ದು ಆ ದಿನಗಳಲ್ಲೇ. ಆದರೆ ಖರ್ಚಿನ ಹೊರೆ ಯಾರು ಹೊರುತ್ತಾರೆ ಎಂಬುದು ಬೇರೆ ಪ್ರಶ್ನೆ. ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ರಕ್ಷಣೆ ಇದೆ. ಕರ್ನಾಟಕದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ಅಷ್ಟೇ ಇದ್ದರೂ ಎ.ಪಿ.ಎಲ್. ಕುಟುಂಬಕ್ಕೆ ಚಿಕಿತ್ಸಾ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದವರೆಗೆ. ಕೇರಳ ಸರಕಾರದ ನಿವೃತ್ತ ನೌಕರರು ತಮ್ಮ ಆರೋಗ್ಯ ವಿಮೆಯಾದ ಮೆಡಿಸೆಪ್‌ನ ಪಟ್ಟಿಯಲ್ಲಿರುವ ಮಂಗಳೂರಿನ ಆಸ್ಪತ್ರೆಗಳ ಹೆಸರನ್ನು ಮೊದಲೇ ನೋಡಿಟ್ಟುಕೊಳ್ಳಲಿ.

ಕೆ.ಎಲ್. 14 ನಂಬರಿನ ವಾಹನವನ್ನು ಹಾಗೆಯೇ ಇಟ್ಟುಕೊಳ್ಳಬಹುದೇ?

ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇರಿಸಿದ ವಾಹನಕ್ಕೆ ಅಲ್ಲಿಯ ನೋಂದಣಿ ಸಂಖ್ಯೆ ಪಡೆಯಬೇಕು. ಅದಕ್ಕೆ ಕಾಸರಗೋಡು ಆರ್.ಟಿ.ಒ.ದಿಂದ ನಿರಾಕ್ಷೇಪಣಾ ಪತ್ರ, ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆ, ಬಳಿಕ ವಾಹನದ ವಯಸ್ಸಿಗೆ ತಕ್ಕಂತೆ ಕರ್ನಾಟಕದ ಜೀವಾವಧಿ ತೆರಿಗೆ. ಕರ್ನಾಟಕದ ವಾಹನ ತೆರಿಗೆ ದೇಶದ ಅತಿ ಹೆಚ್ಚಿನ ದರಗಳಲ್ಲಿ ಒಂದು. ಎರಡು ಮೂರು ವರ್ಷದ ಕಾರಾದರೆ ಈ ಮೊತ್ತ ಕೆಲವು ತಿಂಗಳ ಬಾಡಿಗೆಯನ್ನು ಮೀರುತ್ತದೆ. ಕೇರಳದಲ್ಲಿ ಕಟ್ಟಿದ ತೆರಿಗೆಯ ಉಳಿದ ಅವಧಿಯ ಪಾಲನ್ನು ಮರಳಿ ಕೇಳುವ ಹಕ್ಕಿದೆ, ಆದರೆ ಮೊದಲು ಕರ್ನಾಟಕದಲ್ಲಿ ಕಟ್ಟಿ ಆಮೇಲೆ ಇಲ್ಲಿ ಕೇಳಬೇಕಾದುದರಿಂದ ಕೈಯಲ್ಲಿ ಹಣ ಇಟ್ಟುಕೊಂಡೇ ಹೊರಡಬೇಕು. ಕಾರು ಹಳತಾಗಿದ್ದರೆ ಇಲ್ಲಿಯೇ ಮಾರಿ ಹೋಗುವುದು ಲೇಸು. ಮನೆ ಕಾಸರಗೋಡಿನಲ್ಲಿಯೇ ಇದ್ದು ಕೆಲಸಕ್ಕೆ ಮಾತ್ರ ಹೋಗಿ ಬರುವವರಿಗೆ ಈ ಮರು ನೋಂದಣಿ ಬೇಕಿಲ್ಲ.

ಪೆಟ್ರೋಲು?

ಕರ್ನಾಟಕದಲ್ಲಿ ಕಡಿಮೆ. ಕೇರಳದಲ್ಲಿ ಮಾರಾಟ ತೆರಿಗೆಯ ಮೇಲೆ 2023ರ ಏಪ್ರಿಲಿನಿಂದ ಲೀಟರಿಗೆ 2 ರೂ. ಸಾಮಾಜಿಕ ಭದ್ರತಾ ಸೆಸ್ ಕೂಡ ಇದೆ. ಗಡಿಯ ಹತ್ತಿರದವರು ತಲಪಾಡಿಯಾಚೆಗೆ ಹೋಗಿ ತುಂಬಿಸುವುದು ಇದೇ ಕಾರಣಕ್ಕೆ. ತಿಂಗಳಿಗೆ 20 ಲೀಟರ್ ಬಳಸುವವರಿಗೆ ಉಳಿಯುವುದು ಸುಮಾರು ನೂರು ರೂಪಾಯಿ.

ಮಕ್ಕಳ ಓದಿನ ಖರ್ಚು ಎಷ್ಟು ಬದಲಾಗುತ್ತದೆ?

ಬಾಡಿಗೆಯ ನಂತರದ ದೊಡ್ಡ ಮೊತ್ತ ಇದು. ಕಾಸರಗೋಡಿನ ಸರಕಾರಿ ಮತ್ತು ಅನುದಾನಿತ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಹತ್ತನೇ ತರಗತಿಯವರೆಗೆ ಬೋಧನಾ ಶುಲ್ಕವಿಲ್ಲ. ಆ ಶಾಲೆಗಳ ಮಟ್ಟವೂ ತಲೆ ಎತ್ತಿ ಹೇಳುವಂಥದು. ಮಂಗಳೂರಿಗೆ ಹೋದ ಕುಟುಂಬಗಳು ಬಹುತೇಕ ಖಾಸಗಿ ಆಂಗ್ಲ ಮಾಧ್ಯಮ ಶಾಲೆಯನ್ನೇ ಹುಡುಕುತ್ತವೆ. ಶಿಕ್ಷಣ ಹಕ್ಕು ಕಾಯ್ದೆಯಂತೆ ಖಾಸಗಿ ಶಾಲೆಗಳಲ್ಲಿ ಬಡ ಮಕ್ಕಳಿಗೆ ಮೀಸಲಾದ ಶೇ. 25ರ ಉಚಿತ ಸೀಟು ಸಿಗಬಹುದು ಎಂದು ಲೆಕ್ಕ ಹಾಕಬೇಡಿ. ಸರಕಾರಿ ಅಥವಾ ಅನುದಾನಿತ ಶಾಲೆ ಹತ್ತಿರ ಇರುವಲ್ಲಿ ಖಾಸಗಿ ಶಾಲೆಗೆ ಆ ಸೀಟು ಕೊಡದಂತೆ 2019ರಿಂದ ಕರ್ನಾಟಕ ನಿಯಮ ಬದಲಾಯಿಸಿದೆ. ಪ್ರವೇಶ ಶುಲ್ಕ, ಶಾಲಾ ವಾಹನ, ಸಮವಸ್ತ್ರ, ಪಿ.ಯು.ಸಿ. ಹಂತದ ನೀಟ್ ಮತ್ತು ಸಿ.ಇ.ಟಿ. ತರಬೇತಿ ಎಲ್ಲ ಸೇರಿ ಇಬ್ಬರು ಮಕ್ಕಳ ಓದು ಬಾಡಿಗೆಯನ್ನು ಮೀರಬಹುದು. ಮಂಗಳೂರಿನಲ್ಲಿ ಒಳ್ಳೆಯ ಸರಕಾರಿ ಮತ್ತು ಅನುದಾನಿತ ಶಾಲೆಗಳೂ ಇವೆ, ಅವುಗಳನ್ನು ಮೊದಲು ನೋಡಿ ಬರಬೇಕೆಂಬುದು ನನ್ನ ಆಗ್ರಹ.

ವೃತ್ತಿಪರ ಕೋರ್ಸುಗಳ ವಿಷಯದಲ್ಲಿ ಅನೇಕರಿಗೆ ತಿಳಿಯದ ಒಂದು ಅಂಶವಿದೆ. ಕರ್ನಾಟಕದ ಸಿ.ಇ.ಟಿ. ಮೂಲಕ ಸರಕಾರಿ ಸೀಟು ಪಡೆಯಲು ಸಾಮಾನ್ಯವಾಗಿ ಒಂದನೇ ತರಗತಿಯಿಂದ ದ್ವಿತೀಯ ಪಿ.ಯು.ಸಿ.ವರೆಗಿನ ಅವಧಿಯಲ್ಲಿ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು, ಎಸ್.ಎಸ್.ಎಲ್.ಸಿ. ಅಥವಾ ದ್ವಿತೀಯ ಪಿ.ಯು.ಸಿ. ಅಲ್ಲಿಯೇ ತೇರ್ಗಡೆಯಾಗಿರಬೇಕು. ಒಂಬತ್ತನೇ ತರಗತಿಗೆ ಹೋಗಿ ಸೇರಿದ ಮಗುವಿಗೆ ಸಿಗುವುದು ನಾಲ್ಕೇ ವರ್ಷ. ಅದೇ ವೇಳೆ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳ ನಿವಾಸಿಗಳಾಗಿ, ಕನ್ನಡ, ತುಳು ಅಥವಾ ಕೊಡವ ಮಾತೃಭಾಷೆಯವರಾಗಿ, ಎಸ್.ಎಸ್.ಎಲ್.ಸಿ. ಅಥವಾ ಹನ್ನೆರಡನೇ ತರಗತಿಯನ್ನು ಇಲ್ಲಿಯೇ ಪಾಸಾದ ಮಕ್ಕಳಿಗೆ ಗಡಿನಾಡ ಕನ್ನಡಿಗರ ನಿಯಮದಡಿ ಪ್ರತ್ಯೇಕ ದಾರಿ ಇದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಕನ್ನಡ ಭಾಷಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಅಂದರೆ ಸೀಟಿನ ಆಸೆಯಿಂದಲೇ ಪ್ರೌಢಶಾಲೆಯ ನಡುವೆ ಮಗುವನ್ನು ಮಂಗಳೂರಿಗೆ ಸೇರಿಸುವವರು ಇರುವ ಅವಕಾಶವನ್ನೇ ಕಳೆದುಕೊಳ್ಳುವ ಅಪಾಯವಿದೆ. ಐದನೇ ತರಗತಿಯೊಳಗೆ ಹೋಗುವುದು, ಇಲ್ಲವೇ ಹನ್ನೆರಡನೇ ತರಗತಿ ಇಲ್ಲಿಯೇ ಮುಗಿಸಿ ಹೋಗುವುದು, ಈ ಎರಡರಲ್ಲಿ ಒಂದನ್ನು ಆಯ್ದುಕೊಳ್ಳಿ. ಆಯಾ ವರ್ಷದ ಮಾಹಿತಿ ಪುಸ್ತಿಕೆಯ ಅರ್ಹತಾ ನಿಯಮಗಳನ್ನು ಪೂರ್ತಿ ಓದುವುದು ಕಡ್ಡಾಯ. ಕೇರಳದ ಪ್ರವೇಶ ಪರೀಕ್ಷೆಯಲ್ಲಿ ಕೇರಳದಲ್ಲಿ ಹುಟ್ಟಿದ ಮಗುವಿನ ಮೂಲನಿವಾಸದ ಹಕ್ಕು ಮನೆ ಬದಲಾದ ಮಾತ್ರಕ್ಕೆ ಹೋಗುವುದಿಲ್ಲ, ಹಾಗಾಗಿ ಜನನ ಪ್ರಮಾಣಪತ್ರ ಜೋಪಾನವಾಗಿರಲಿ.

ಜಾತಿ ಪ್ರಮಾಣಪತ್ರದಿಂದ ಸಿಗುವ ಶುಲ್ಕ ವಿನಾಯಿತಿ, ವಿದ್ಯಾರ್ಥಿವೇತನ ಮುಂದುವರಿಯುತ್ತವೆಯೇ?

ರಾಜ್ಯ ಸರಕಾರದ ಸೌಲಭ್ಯಗಳು ಸಾಮಾನ್ಯವಾಗಿ ಮುಂದುವರಿಯುವುದಿಲ್ಲ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳ ಪಟ್ಟಿ ಪ್ರತಿ ರಾಜ್ಯಕ್ಕೆ ಬೇರೆ. ಒಂದೇ ಹೆಸರಿನ ಸಮುದಾಯ ಎರಡೂ ಪಟ್ಟಿಗಳಲ್ಲಿದ್ದರೂ ವಲಸೆ ಹೋದವರಿಗೆ ಹೊಸ ರಾಜ್ಯದ ಮೀಸಲಾತಿ ತಾನಾಗಿ ಸಿಗದು ಎಂದು ಸುಪ್ರೀಂ ಕೋರ್ಟು 1990ರಲ್ಲಿ ಹೇಳಿತ್ತು, 2018ರಲ್ಲಿಯೂ ಎತ್ತಿ ಹಿಡಿಯಿತು. ವಿದ್ಯಾರ್ಥಿವೇತನವನ್ನು ನೆಚ್ಚಿಕೊಂಡು ಓದುತ್ತಿರುವ ಮಕ್ಕಳಿದ್ದರೆ ಈ ನಷ್ಟವನ್ನು ತಪ್ಪದೆ ಪುಸ್ತಕದಲ್ಲಿ ಬರೆಯಬೇಕು.

ಕೂಲಿ ಕೆಲಸ ಮಾಡುವವರಿಗೆ ಎಲ್ಲಿ ಲಾಭ?

ದಿನಗೂಲಿ ಕೇರಳದಲ್ಲಿಯೇ ಹೆಚ್ಚು. ರಿಸರ್ವ್ ಬ್ಯಾಂಕಿನ ಅಂಕಿಅಂಶದಂತೆ 2022-23ರಲ್ಲಿ ಕೇರಳದ ಗ್ರಾಮೀಣ ಕಟ್ಟಡ ಕಾರ್ಮಿಕರ ಸರಾಸರಿ ದಿನಗೂಲಿ 852 ರೂ., ದೇಶದ ಸರಾಸರಿ 393 ರೂ. ಗಾರೆ, ಮರಗೆಲಸ, ತೋಟದ ಕೆಲಸದವರಿಗೆ ಗಡಿ ದಾಟುವುದರಿಂದ ಸಂಬಳ ಹೆಚ್ಚುವುದಿಲ್ಲ. ಅಂಗಡಿ, ಆಸ್ಪತ್ರೆ, ಕಚೇರಿ ಉದ್ಯೋಗದವರಿಗೆ ಮಂಗಳೂರಿನಲ್ಲಿ ಅವಕಾಶ ಹೆಚ್ಚು. ಸಂಬಳದಾರರ ವೃತ್ತಿ ತೆರಿಗೆ ಎರಡೂ ರಾಜ್ಯಗಳಲ್ಲಿ ಇದೆ, ಸಂವಿಧಾನದ ಮಿತಿಯಂತೆ ವರ್ಷಕ್ಕೆ 2,500 ರೂ. ಮೀರದು.

ಬಾಡಿಗೆಯ ಬದಲು ಮನೆಯನ್ನೇ ಕೊಂಡರೆ?

ನೋಂದಣಿಯ ಖರ್ಚಿನಲ್ಲಿ ಕರ್ನಾಟಕ ಕಡಿಮೆ. ಕೇರಳದಲ್ಲಿ ಮುದ್ರಾಂಕ ಶುಲ್ಕ ಶೇ. 8, ನೋಂದಣಿ ಶುಲ್ಕ ಶೇ. 2. ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜು, 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 2. ಆದರೂ ಎರಡು ವರ್ಷ ಬಾಡಿಗೆಯಲ್ಲಿ ಇದ್ದು ನೋಡದೆ ಕೊಳ್ಳಬೇಡಿ, ಅದರಲ್ಲೂ ಊರಿನ ತೋಟ ಮಾರಿ ಕೊಳ್ಳಬೇಡಿ.

ಊರಿನ ಮನೆಯನ್ನು ಏನು ಮಾಡುವುದು?

ಬೀಗ ಹಾಕಿಟ್ಟ ಮನೆಗೂ ಖರ್ಚಿದೆ. ಸುಮಾರು 3,500 ಮಿ.ಮೀ. ಮಳೆ ಸುರಿಯುವ ಈ ನೆಲದಲ್ಲಿ ಹೆಂಚು ಸರಿಪಡಿಸದೆ, ಗೆದ್ದಲು ನೋಡದೆ ಎರಡು ಮಳೆಗಾಲ ಬಿಟ್ಟರೆ ಪಕ್ಕಾಸು, ರೀಪುಗಳು ಕೊಳೆಯುತ್ತವೆ. ಪಂಚಾಯತಿನ ಕಟ್ಟಡ ತೆರಿಗೆ, ಭೂತೆರಿಗೆ, ವಿದ್ಯುತ್ತಿನ ನಿಗದಿತ ಶುಲ್ಕ, ಅಡಕೆಗೆ ಮದ್ದು ಬಿಡುವ ಮತ್ತು ತೆಂಗು ಕೊಯ್ಯುವ ಕೂಲಿ, ತಿಂಗಳಿಗೊಮ್ಮೆ ಬಂದುಹೋಗುವ ಖರ್ಚು ಎಲ್ಲವನ್ನೂ ಹೊಸ ಊರಿನ ಖರ್ಚಿಗೆ ಸೇರಿಸಿ. ನಂಬಿಗಸ್ಥ ಕುಟುಂಬಕ್ಕೆ ಕಡಿಮೆ ಬಾಡಿಗೆಗೆ ಕೊಟ್ಟು ದೀಪ ಉರಿಯುವಂತೆ ನೋಡಿಕೊಂಡರೆ ಮನೆ ಉಳಿಯುತ್ತದೆ.

ಅಕ್ಕಲಕೋಟೆ, ಜತ್ತ, ಹೊಸೂರು, ಮಡಕಶಿರಾ ಕಡೆಯ ಕನ್ನಡಿಗರಿಗೂ ಇದೇ ಲೆಕ್ಕವೇ?

ಲೆಕ್ಕ ಹಾಕುವ ಕ್ರಮ ಒಂದೇ, ಬಿಟ್ಟುಹೋಗುವ ಸೌಲಭ್ಯಗಳು ಬೇರೆ. ಮಹಾರಾಷ್ಟ್ರದಲ್ಲಿ ಅರ್ಹ ಮಹಿಳೆಯರಿಗೆ ತಿಂಗಳಿಗೆ 1,500 ರೂ. ಕೊಡುವ ಲಾಡಕಿ ಬಹೀಣ್, ತಮಿಳುನಾಡಿನಲ್ಲಿ 1,000 ರೂ. ಮಹಿಳಾ ಹಕ್ಕು ಧನ ಮತ್ತು ಎರಡು ತಿಂಗಳಿಗೆ 100 ಯೂನಿಟ್ ಉಚಿತ ವಿದ್ಯುತ್, ಆಂಧ್ರದಲ್ಲಿ 2025ರ ಆಗಸ್ಟಿನಿಂದ ಮಹಿಳೆಯರಿಗೆ ಉಚಿತ ಬಸ್ಸು ಇವೆ. ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲೂಕುಗಳ ಮಕ್ಕಳಿಗೆ ಮೇಲೆ ಹೇಳಿದ ಗಡಿನಾಡ ಕನ್ನಡಿಗರ ನಿಯಮ ಅನ್ವಯಿಸುತ್ತದೆ.

ಹೋಗುವುದೆಂದು ನಿರ್ಧರಿಸಿದ್ದೇವೆ. ಯಾವಾಗ ಹೊರಡಬೇಕು, ಏನೇನು ಮೊದಲು ಮಾಡಬೇಕು?

ಏಪ್ರಿಲ್ ಕೊನೆ ಅಥವಾ ಮೇ ಮೊದಲ ವಾರ ಸೂಕ್ತ. ಶಾಲೆಯ ಪರೀಕ್ಷೆ ಮುಗಿದಿರುತ್ತದೆ, ಮಳೆ ಹಿಡಿಯುವ ಮೊದಲು ಊರಿನ ಮನೆಯ ಮಾಡು ಸರಿಮಾಡಿಸಲು ಹೊತ್ತು ಸಿಗುತ್ತದೆ, ಮತ್ತು ಹೊಸ ಮನೆಯ ಬೇಸಿಗೆಯ ನೀರಿನ ಸ್ಥಿತಿ ಕಣ್ಣೆದುರೇ ತಿಳಿಯುತ್ತದೆ. ಹೊರಡುವ ಮೊದಲು ಗ್ರಾಮ ಕಚೇರಿಯಿಂದ ನಿವಾಸ, ಆದಾಯ, ಜಾತಿ ಪ್ರಮಾಣಪತ್ರಗಳನ್ನು, ಶಾಲೆಯಿಂದ ವರ್ಗಾವಣೆ ಪತ್ರವನ್ನು ಪಡೆಯಿರಿ. ಮಲಯಾಳದಲ್ಲಿ ಕೊಟ್ಟ ದಾಖಲೆಗೆ ಕರ್ನಾಟಕದ ಕಚೇರಿಗಳಲ್ಲಿ ಭಾಷಾಂತರ ಕೇಳುತ್ತಾರೆ. ಕನ್ನಡದಲ್ಲಿ ಅಥವಾ ಇಂಗ್ಲಿಷಿನಲ್ಲಿ ಕೊಡುವಂತೆ ಇಲ್ಲಿಯೇ ಅರ್ಜಿ ಹಾಕಿದರೆ ನೋಟರಿಯ ಖರ್ಚು ಉಳಿಯುತ್ತದೆ. ಆಧಾರ್ ವಿಳಾಸವನ್ನು ಕೂಡಲೇ ಎಲ್ಲರದ್ದೂ ಬದಲಾಯಿಸುವ ಅಗತ್ಯವಿಲ್ಲ. ಹಿರಿಯರ ಪಿಂಚಣಿ, ಪಡಿತರ ಚೀಟಿ, ಮಕ್ಕಳ ಅರ್ಹತೆ ಇವು ಮೂರನ್ನೂ ವಿಚಾರಿಸಿ ಮುಗಿಸಿದ ಬಳಿಕ ಒಬ್ಬೊಬ್ಬರದ್ದಾಗಿ ಬದಲಾಯಿಸಿ, ಆಮೇಲೆ ಮತದಾರರ ಪಟ್ಟಿಗೆ ನಮೂನೆ 8ರಲ್ಲಿ ಅರ್ಜಿ ಕೊಡಿ.